ಒಬ್ಬರೇನಾ?

ನಮ್ಮ ದೇಶದಲ್ಲಿ ಒಬ್ಬನೇ ಇರುವ ಮನುಷ್ಯನನ್ನು ಕಂಡರೆ ಜನರಿಗೆ ಏನೋ ಒಂದು ಬಗೆಯ ಕಳವಳ. ಹೋಟೆಲಿಗೆ ಒಬ್ಬನೇ ಹೋಗಿ ಕುಳಿತರೆ ಮಾಣಿ ಎದುರಿನ ಖಾಲಿ ಕುರ್ಚಿಯನ್ನು ನೋಡಿ, "ಒಬ್ಬರೇನಾ ಸಾರ್?" ಎನ್ನುತ್ತಾನೆ. ಮದುವೆಗೆ ಒಬ್ಬನೇ ಹೋದರೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿ ನನ್ನ ಬೆನ್ನ ಹಿಂದೆ ಇಣುಕಿ, "ಒಬ್ಬರೇನಾ?" ಎಂದು ಕೇಳುತ್ತಾಳೆ. ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪಕ್ಕೆ ನನ್ನ ಹೆಸರು ಗೋತ್ರಗಳನ್ನು ಕೇಳಿದ ಮೇಲೆ, ಉಳಿದವರೆಲ್ಲ ಎಲ್ಲಿ ಎಂಬಂತೆ ಒಂದು ಕ್ಷಣ ಮುಖ ನೋಡುತ್ತಾರೆ. ಒಂಟಿಯಾಗಿ ಹೊರಟವನು ಸಂನ್ಯಾಸಿಯಾಗಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಡಿ ಬಂದವನಾಗಿರಬೇಕು. ಮೂರನೆಯ ಬಗೆಯೊಂದಿದೆ ಎಂಬುದನ್ನು ನಮ್ಮವರು ಒಪ್ಪುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ನಾನು ಮೋಟಾರ್ ಸೈಕಲಿನ ಬೆನ್ನಿಗೆ ಡೇರೆಯೊಂದನ್ನು ಕಟ್ಟಿಕೊಂಡು ಐದು ದಿನಗಳ ಕಾಲ ಮಲೆನಾಡಿನ ಬೆಟ್ಟ ಕಾಡುಗಳಲ್ಲಿ ಒಬ್ಬನೇ ಅಲೆದು ಬಂದೆ. ಸುಮಾರು ೮೦೦ ಕಿಲೋಮೀಟರುಗಳ ಆ ದಾರಿಯಲ್ಲಿ ಈ ಪ್ರಶ್ನೆ ಎಷ್ಟು ಸಲ ಕಿವಿಗೆ ಬಿತ್ತೆಂಬುದಕ್ಕೆ ಲೆಕ್ಕವಿಲ್ಲ. ಮೊದಲ ಸಲ ಬಿದ್ದದ್ದು ಮಾತ್ರ ಮೈಸೂರಿನಲ್ಲಿ, ನಮ್ಮ ಮನೆಯ ಅಡುಗೆಯ ಕೋಣೆಯಲ್ಲಿಯೇ.

"ಒಬ್ಬರೇನಾ?" ಎಂದಳು ನನ್ನಾಕೆ, ಲಟ್ಟಣಿಗೆಯನ್ನು ಅರ್ಧಕ್ಕೆ ನಿಲ್ಲಿಸಿ.

"ಒಬ್ಬನೇ."

"ನಿಮಗೀಗ ಅರವತ್ತೆರಡು. ಬ್ಯಾಂಕಿನಲ್ಲಿದ್ದಾಗ ಹಾಸನಕ್ಕೆ ವರ್ಗವಾಯಿತೆಂದು ಎರಡು ದಿನ ಸರಿಯಾಗಿ ಊಟ ಮಾಡದೆ ಕುಳಿತವರು ನೀವು. ಇಷ್ಟು ದೊಡ್ಡ ಮಂಚ ಮನೆಯಲ್ಲಿರುವಾಗ ಕಾಡಿನಲ್ಲಿ ಬಟ್ಟೆಯ ಗೂಡು ಕಟ್ಟಿಕೊಂಡು ಮಲಗಬೇಕೇ?"

ನನ್ನಲ್ಲಿ ಉತ್ತರವಿರಲಿಲ್ಲ. ಇದ್ದ ಉತ್ತರವನ್ನು ಹೇಳುವ ಧೈರ್ಯವಿರಲಿಲ್ಲ ಎಂದರೆ ಹೆಚ್ಚು ಸರಿ.

ಆ ಗಾಡಿ ನನ್ನದಲ್ಲ. ನನ್ನ ಅಣ್ಣನದು. ಅವನು ೧೯೮೪ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಈ ಗಾಡಿಯ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ೧೯೬೧ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂಬ ಹೆಸರಿನಿಂದಲೂ ಮುಂದೆ ಯೆಜ್ಡಿ ಎಂಬ ಹೆಸರಿನಿಂದಲೂ ತಯಾರಾಗುತ್ತಿದ್ದ ವಾಹನ ಅದು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಸಾಯಲಿಲ್ಲ. ಇಂದಿಗೂ ಎರಡು ಕೊಳವೆಗಳಿಂದ ನೀಲಿ ಹೊಗೆಯನ್ನು ಬಿಡುತ್ತ ನಮ್ಮ ಬೀದಿಗಳಲ್ಲಿ ಓಡಾಡುತ್ತಿವೆ. ಇದರಲ್ಲಿ ಗೇರು ಬದಲಿಸುವ ಕಡ್ಡಿಯೂ ಕಿಕ್ ಹೊಡೆಯುವ ಕಡ್ಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರಿನ ಕಡ್ಡಿಯೇ ಕಿಕ್ ಆಗುತ್ತದೆ. ಈ ಗುಟ್ಟು ತಿಳಿಯದವನಿಗೆ ಗಾಡಿ ದಕ್ಕುವುದಿಲ್ಲ. ನನಗೆ ಆ ಗುಟ್ಟನ್ನು ಕಲಿಸಿದವನು ಅಣ್ಣ. ಮಹಾರಾಜಾ ಕಾಲೇಜಿನ ಮೈದಾನದಲ್ಲಿ, ಹಿಂದಿನ ಸೀಟನ್ನು ಹಿಡಿದುಕೊಂಡು ನನ್ನ ಜೊತೆಗೇ ಓಡುತ್ತ, "ಹೆದರಬೇಡ, ಹಿಡಿದುಕೊಂಡಿದ್ದೇನೆ" ಎನ್ನುತ್ತಿದ್ದ. ಅವನು ಕೈಬಿಟ್ಟು ಎಷ್ಟೋ ಹೊತ್ತಾದ ಮೇಲೆ ನನಗೆ ಅದು ತಿಳಿಯಿತು.

ಇಷ್ಟು ಪ್ರೀತಿಯಿದ್ದ ಅಣ್ಣತಮ್ಮಂದಿರು ಕಡೆಯ ಒಂಬತ್ತು ವರ್ಷ ಮಾತನಾಡಲಿಲ್ಲ. ಕಾರಣ, ಹೆಚ್ಚು ಮನೆಗಳಲ್ಲಿ ಇರುವಂಥದೇ. ೨೦೧೩ರಲ್ಲಿ ಅಗ್ರಹಾರದ ನಮ್ಮ ತಂದೆಯ ಮನೆಯನ್ನು ಮಾರುವ ಮಾತು ಬಂತು. ತಂದೆಯವರನ್ನು ಹನ್ನೆರಡು ವರ್ಷ ಆ ಮನೆಯಲ್ಲಿ ನೋಡಿಕೊಂಡವನು ಅಣ್ಣ. ಅವನಿಗೆ ಮಾರಲು ಮನಸ್ಸಿರಲಿಲ್ಲ. ನನಗೆ ಮಗನ ಓದಿಗೆ ಹಣ ಬೇಕಾಗಿತ್ತು. ನಾಲ್ಕು ಜನ ನೆಂಟರು ಕುಳಿತಿದ್ದ ಸಭೆಯಲ್ಲಿ ನಾನು, "ಬಾಡಿಗೆಯಿಲ್ಲದ ಮನೆಯಲ್ಲಿದ್ದು ರೂಢಿಯಾದವರಿಗೆ ಬಿಡಲು ಕಷ್ಟವೇ" ಎಂದೆ. ಅಣ್ಣ ಏನೂ ಹೇಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮನೆ ಮಾರಾಟವಾಯಿತು. ಅವನು ಬೇರೆ ಬಡಾವಣೆಯಲ್ಲಿ ಚಿಕ್ಕದೊಂದು ಮನೆ ಹಿಡಿದ.

ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅವನು ಹನುಮಂತನ ಗುಡಿಗೆ ನಮ್ಮ ಬೀದಿಯ ಮೂಲಕವೇ ಹೋಗುತ್ತಿದ್ದ. ಯೆಜ್ಡಿಯ ಸದ್ದು ದೂರದಿಂದಲೇ ಕೇಳುತ್ತಿತ್ತು. ನಮ್ಮ ಗೇಟಿನ ಮುಂದೆ ಬಂದಾಗ ಆ ಸದ್ದು ಬದಲಾಗುತ್ತಿತ್ತು: ಎರಡು ಕ್ಷಣ ಏರುದನಿ, ಮತ್ತೆ ಹಳೆಯ ದನಿ, ಆಮೇಲೆ ತಿರುವಿನಾಚೆ ಮೌನ. "ಭಾವ ಬಂದರು ನೋಡಿ" ಎನ್ನುತ್ತಿದ್ದಳು ನನ್ನಾಕೆ. "ನನ್ನನ್ನು ಅಣಕಿಸುವುದಕ್ಕೇ ಇಲ್ಲಿ ಬಂದು ಗಾಡಿಯ ಕಿವಿ ಹಿಂಡುತ್ತಾನೆ" ಎಂದು ನಾನು ರೇಡಿಯೋದ ದನಿಯನ್ನು ಏರಿಸುತ್ತಿದ್ದೆ.

೨೦೨೨ರ ಅಕ್ಟೋಬರಿನಲ್ಲಿ ಅಣ್ಣ ತೀರಿಕೊಂಡ. ಎರಡು ವರ್ಷ ಕಳೆದ ಮೇಲೆ ಅಣ್ಣನ ಮಗ ಪರದೇಶದಿಂದ ಬಂದವನು ನಮ್ಮ ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಚಿಕ್ಕಪ್ಪ, ಗಾಡಿ ತುಕ್ಕು ಹಿಡಿಯುತ್ತಿದೆ. ಗುಜರಿಯವನು ದಿನಾ ಕೇಳುತ್ತಿದ್ದಾನೆ. ಅಮ್ಮ ನಿಮಗೇ ಕೊಟ್ಟು ಬಾ ಎಂದಳು" ಎಂದ. ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿ ಸ್ಪಾನರುಗಳ ಜೊತೆಗೆ ಎಣ್ಣೆಯ ಕಲೆಗಳಿದ್ದ ಪುಟ್ಟ ಪುಸ್ತಕವೊಂದಿತ್ತು. ಅದರಲ್ಲಿ ಹಾಕಿಸಿದ ಪೆಟ್ರೋಲು, ಓಡಿದ ಕಿಲೋಮೀಟರು, ರಿಪೇರಿಯ ಖರ್ಚು. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಒಂದೇ ಬಗೆಯ ಬರಹ: ಮೈಸೂರು, ಹಾಸನ, ಬೇಲೂರು, ಚಿಕ್ಕಮಗಳೂರು, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ. ಅವನು ವರ್ಷವರ್ಷವೂ ತಾಡಪಾಲೊಂದನ್ನು ಕಟ್ಟಿಕೊಂಡು ಮಲೆನಾಡಿಗೆ ಹೋಗಿಬರುತ್ತಿದ್ದನೆಂಬುದು ನನಗೆ ಗೊತ್ತಿತ್ತು. ಅದಕ್ಕಾಗಿ ನಾನು ನಕ್ಕದ್ದೂ ಉಂಟು. ಆ ಪುಸ್ತಕವನ್ನು ಹಿಡಿದುಕೊಂಡು ಕುಳಿತ ಸಂಜೆಯೇ ನಾನು ಹೊರಡಬೇಕೆಂದು ನಿಶ್ಚಯಿಸಿದೆ. ಗಾಡಿಯನ್ನು ಸರಿಪಡಿಸಿ, ಕಾಗದಪತ್ರಗಳನ್ನು ನನ್ನ ಹೆಸರಿಗೆ ಮಾಡಿಸುವುದರಲ್ಲಿ ಒಂದು ವರ್ಷ ಕಳೆಯಿತು.

ಡೇರೆಯನ್ನು ಕೊಂಡು ತಂದದ್ದಾಯಿತು. ಅದನ್ನು ಕಟ್ಟುವ ಅಭ್ಯಾಸವನ್ನು ಮನೆಯ ತಾರಸಿಯ ಮೇಲೆ ಮಾಡಿದೆ. ಮೊದಲ ದಿನ ಒಂದು ಗಂಟೆ ಹೆಣಗಿದ ಮೇಲೆ ಅದು ನಿಂತಿತು. ಕಾಫಿ ತಂದ ನನ್ನಾಕೆ ಸುತ್ತಲೂ ಒಂದು ಪ್ರದಕ್ಷಿಣೆ ಬಂದು, "ದಸರೆಗೆ ಗೊಂಬೆ ಕೂರಿಸುವುದಕ್ಕೆ ಚೆನ್ನಾಗಿದೆ" ಎಂದಳು. ಆದರೂ ಹೊರಡುವ ದಿನ ಬೆಳಗಿನ ನಾಲ್ಕು ಗಂಟೆಗೇ ಎದ್ದು ಚಪಾತಿ, ಚಟ್ನಿಪುಡಿ, ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕಟ್ಟಿಕೊಟ್ಟಳು. ಪ್ರತಿ ರಾತ್ರಿ ಫೋನು ಮಾಡಬೇಕೆಂಬುದೊಂದೇ ಅವಳ ಷರತ್ತು.

ಮೊದಲ ದಿನ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳನ್ನು ದಾಟಿ ಬೇಲೂರಿನಲ್ಲಿ ನಿಂತೆ. ೧೧೧೭ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಮುಂದೆ ಗಾಡಿಯನ್ನು ನಿಲ್ಲಿಸಿದರೆ, ಶಿಲಾಬಾಲಿಕೆಯರನ್ನು ನೋಡಲು ಬಂದಿದ್ದ ಶಾಲೆಯ ಹುಡುಗರು ಗುಡಿಯನ್ನು ಬಿಟ್ಟು ನನ್ನ ಸುತ್ತ ಕೂಡಿದರು. "ತಾತ, ಒಬ್ಬರೇನಾ?" ಎಂದ ಒಬ್ಬ. ಗಾಡಿಯ ವಯಸ್ಸಿನ ಮೇಲೆ ನನ್ನ ವಯಸ್ಸನ್ನು ಅವನು ಅಂದಾಜು ಮಾಡಿರಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಕಾಡಿನಲ್ಲಿ ಡೇರೆ ಹಾಕುವುದೆಂದರೆ ಕಂಡ ಕಂಡ ಮರದಡಿ ಹಾಕುವುದಲ್ಲ. ರಕ್ಷಿತಾರಣ್ಯದಲ್ಲಿ ಅಪ್ಪಣೆಯಿಲ್ಲದೆ ತಂಗುವುದು ಕಾನೂನಿಗೆ ವಿರೋಧ. ಆನೆ ಓಡಾಡುವ ಸೀಮೆಯಲ್ಲಿ ಅದು ಬುದ್ಧಿಗೂ ವಿರೋಧ. ಆದ್ದರಿಂದ ತೋಟದವರ ಕಣದಲ್ಲೋ ಮನೆಯವರ ಅಂಗಳದಲ್ಲೋ ಕೇಳಿಕೊಂಡು ಡೇರೆ ಹಾಕುವುದೆಂದು ನಾನು ಗೊತ್ತುಮಾಡಿಕೊಂಡಿದ್ದೆ. ಅಂದರೆ ಒಬ್ಬನೇ ಇರಲು ಹೊರಟವನು ಪ್ರತಿ ಸಂಜೆಯೂ ಗುರುತಿಲ್ಲದವರ ಬಾಗಿಲಲ್ಲಿ ನಿಂತು ಜಾಗ ಬೇಡಬೇಕು. ಈ ವಿನೋದ ನನಗೆ ಆಗ ಹೊಳೆದಿರಲಿಲ್ಲ.

ಆ ರಾತ್ರಿ ಚಿಕ್ಕಮಗಳೂರಿನ ಆಚೆ, ಪರಿಚಿತರ ಪರಿಚಿತರೊಬ್ಬರ ಕಾಫಿ ತೋಟದಲ್ಲಿ ಇಳಿದುಕೊಂಡೆ. ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಒಣಗಲು ಹರಡಿದ್ದರು. ಗಾಳಿಯಲ್ಲಿ ಹುಳಿಯೂ ಸಿಹಿಯೂ ಕೂಡಿದ ಒಂದು ವಾಸನೆ. ಡೇರೆಯೊಳಗೆ ಮಲಗಿದರೆ ನೆಲದ ತಣುಪು ಬೆನ್ನೆಲುಬಿನ ಒಂದೊಂದು ಮಣಿಯನ್ನೂ ಹೆಸರು ಹಿಡಿದು ಕರೆಯಿತು. ಮಧ್ಯರಾತ್ರಿ ಹೊರಗೆ ಯಾವುದೋ ಪ್ರಾಣಿ ಉಸಿರು ಬಿಡುವ ಸದ್ದು. ಚಿರತೆಯೇ ಸರಿ ಎಂದು ಹೆಲ್ಮೆಟ್ ಹಾಕಿಕೊಂಡು ಕುಳಿತೆ. ಬೆಳಿಗ್ಗೆ ನೋಡಿದರೆ ತೋಟದ ಮುದಿ ನಾಯಿ, ನನಗೆ ಕಾವಲಿಗೆಂದು ಬಂದು ಡೇರೆಗೆ ಒರಗಿ ಮಲಗಿತ್ತು.

ಎರಡನೆಯ ದಿನ ಬೆಳಕು ಹರಿಯುವ ಮುನ್ನವೇ ಮುಳ್ಳಯ್ಯನಗಿರಿಯನ್ನು ಹತ್ತಿದೆ. ೧,೯೩೦ ಮೀಟರು ಎತ್ತರದ ಇದು ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ. ಬಾಲಚಂದ್ರನಂತೆ ಬಾಗಿದ ಚಂದ್ರದ್ರೋಣ ಪರ್ವತದ ಸಾಲು ಇದು. ಇಲ್ಲಿಯೇ, ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದ ಬಾಬಾಬುಡನರು ಅವನ್ನು ನೆಟ್ಟರೆಂದು ಪ್ರತೀತಿ. ನನ್ನಾಕೆಯ ಬೆಳಗಿನ ಕಾಫಿಯ ಮೂಲಪುರುಷರೆಂದು ಮನಸ್ಸಿನಲ್ಲಿಯೇ ವಂದಿಸಿದೆ. ಮೆಟ್ಟಿಲು ಹತ್ತಿ ಗುಡಿಯ ಮುಂದೆ ನಿಂತರೆ ಕೆಳಗೆ ಮೋಡ, ಮೋಡದ ಮೇಲೆ ದ್ವೀಪಗಳಂತೆ ಬೆಟ್ಟದ ನೆತ್ತಿಗಳು. ನೆತ್ತಿಯ ಮೇಲೆಲ್ಲ ಬರಿಯ ಹುಲ್ಲು. ಎರಡು ಬೆಟ್ಟಗಳ ಮಡಿಕೆಯಲ್ಲಿ ಮಾತ್ರ ಕಪ್ಪಾಗಿ ಒತ್ತಿಕೊಂಡ ಕಾಡು. ಇದನ್ನೇ ಶೋಲೆ ಎನ್ನುವುದು. ಮಳೆಗಾಲದಲ್ಲಿ ಈ ಹುಲ್ಲೂ ಅದರಡಿಯ ಮಣ್ಣೂ ನೀರನ್ನು ಹೀರಿಟ್ಟುಕೊಂಡು, ಬೇಸಿಗೆಯವರೆಗೂ ತೊಟ್ಟು ತೊಟ್ಟಾಗಿ ತೊರೆಗಳಿಗೆ ಬಿಟ್ಟುಕೊಡುತ್ತವೆ. ಬೋಳು ಗುಡ್ಡವೆಂದು ನಾವು ಕಡೆಗಣಿಸುವುದು ವಾಸ್ತವವಾಗಿ ನಮ್ಮ ನೀರಿನ ಉಗ್ರಾಣ.

ಇದೇ ಬೆಟ್ಟಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನೀಲಕುರಿಂಜಿ ಅರಳುತ್ತದೆ. ೨೦೨೨ರಲ್ಲಿ ಅರಳಿದಾಗ ಪತ್ರಿಕೆಗಳ ತುಂಬ ಚಿತ್ರಗಳು. ಅಣ್ಣ ಆಗ ಆಸ್ಪತ್ರೆಯಲ್ಲಿದ್ದ. ನಾನು ಆ ಚಿತ್ರಗಳನ್ನು ನೋಡಿದೆ. ಅಣ್ಣನನ್ನು ನೋಡಲು ಹೋಗಲಿಲ್ಲ. ಲೆಕ್ಕದಂತೆ ಈ ಹೂವು ೨೦೩೪ಕ್ಕೆ ಮತ್ತೆ ಅರಳಬೇಕು. ಹೂವಿಗೆ ಎರಡನೆಯ ಸರದಿಯುಂಟು.

ಗಾಡಿ ಕೈಕೊಟ್ಟದ್ದು ಅದೇ ಮಧ್ಯಾಹ್ನ. ಬಾಳೆಹೊನ್ನೂರನ್ನು ದಾಟಿ ಕಳಸದ ಕಡೆಗೆ ಹೋಗುತ್ತಿದ್ದಾಗ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಎರಡೂ ಕಡೆ ಕಾಡು. ಫೋನಿನಲ್ಲಿ ಸಿಗ್ನಲ್ ಇಲ್ಲ. ಎಲ್ಲಿಯೋ ತೊರೆಯ ಪಕ್ಕದಲ್ಲಿ ಹಕ್ಕಿಯೊಂದು, ಪಾಠ ತಪ್ಪಿಸಿಕೊಂಡು ಬಂದ ಹುಡುಗನಂತೆ, ನಿರಾತಂಕವಾಗಿ ಸಿಳ್ಳೆ ಹಾಕುತ್ತಿತ್ತು. ಅಣ್ಣನ ಪುಸ್ತಕವನ್ನು ತೆಗೆದೆ. ಕಡೆಯ ಪುಟಗಳಲ್ಲಿ ಅವನ ದುಂಡು ಅಕ್ಷರದಲ್ಲಿ ಬರೆದಿತ್ತು: "ಲೀಟರಿಗೆ ೪೦ ಮಿಲಿ ಎಣ್ಣೆ. ಹೆಚ್ಚು ಹಾಕಿದರೆ ಪ್ಲಗ್ ಕಪ್ಪಾಗುತ್ತದೆ. ಎತ್ತರದಲ್ಲಿ ಇನ್ನೂ ಬೇಗ."

ಈ ಗಾಡಿಗೆ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನು ಬೆರೆಸಿಯೇ ಹಾಕಬೇಕು. ಅಣ್ಣನ ಗಾಡಿಗೆ ಕೆಡುಕಾಗಬಾರದೆಂದು ನಾನು, ಅಳಿಯನಿಗೆ ತುಪ್ಪ ಬಡಿಸುವ ಅತ್ತೆಯಂತೆ, ಕಣ್ಣಳತೆಯಲ್ಲಿ ಧಾರಾಳವಾಗಿ ಸುರಿದಿದ್ದೆ. ಸಾಲದ್ದಕ್ಕೆ ಬೆಟ್ಟದ ಮೇಲೆ ಗಾಳಿ ತೆಳು. ಒಳಗೆ ಸೇರುವ ಗಾಳಿ ಕಡಿಮೆಯಾದಷ್ಟೂ ಪೆಟ್ರೋಲು ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದು ಒಲೆಯಿಂದ ತೆಗೆದ ಇದ್ದಿಲಿನಂತಿತ್ತು. ಪುಸ್ತಕದ ಮುಂದಿನ ಸಾಲು: "ಬೇರೆ ಪ್ಲಗ್ ಪೆಟ್ಟಿಗೆಯ ಎಡಮೂಲೆಯಲ್ಲಿ, ಹಳದಿ ಬಟ್ಟೆಯಲ್ಲಿ." ಎಡಮೂಲೆಯಲ್ಲಿ ಕೈಯಿಟ್ಟೆ. ಹಳದಿ ಬಟ್ಟೆ ಇತ್ತು. ಅದರೊಳಗೆ ಪ್ಲಗ್ ಇತ್ತು. ಮೂರನೆಯ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ಸತ್ತು ಮೂರು ವರ್ಷವಾದ ಮೇಲೂ ಅವನು ಹಿಂದಿನ ಸೀಟನ್ನು ಹಿಡಿದುಕೊಂಡೇ ಇದ್ದ.

ಕಳಸದ ಹತ್ತಿರ, ಭದ್ರಾ ಹೊಳೆಗೆ ಅನತಿ ದೂರದಲ್ಲಿ, ಅಡಿಕೆ ತೋಟದ ನಡುವಿನ ಮನೆಯೊಂದರ ಮುಂದೆ ಸಂಜೆ ಗಾಡಿ ನಿಲ್ಲಿಸಿದೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಆಗಲೇ ಜಗಲಿಯಲ್ಲಿ ಬಂದು ನಿಂತಿದ್ದರು. ನೀರು ಬೆಲ್ಲ ಕೊಟ್ಟು, "ಒಬ್ಬರೇ ಬಂದದ್ದಾ ಮಾರಾಯ್ರೆ?" ಎಂದರು. ಡೇರೆ ಹಾಕಲು ಅಂಗಳದಲ್ಲಿ ಜಾಗ ಕೇಳಿದೆ. "ಮನೆ ಇರುವಾಗ ಗುಡಾರವೇ? ಊರಿನವರು ನನಗೆ ಏನೆಂದಾರು?" ಎಂದು ಅವರು ಒಪ್ಪಲಿಲ್ಲ. ಬಹಳ ಹೊತ್ತಿನ ಚರ್ಚೆಯ ಮೇಲೆ, ಡೇರೆಯನ್ನು ಜಗಲಿಯ ಮೇಲೆ ಹಾಕುವುದೆಂದು ರಾಜಿಯಾಯಿತು. ಹೆಂಚಿನ ಮಾಡಿನ ಕೆಳಗೆ ಬಟ್ಟೆಯ ಮಾಡು ಕಟ್ಟಿಕೊಂಡು ಮಲಗಿದ ಏಕಮಾತ್ರ ಸಾಹಸಿ ನಾನೇ ಇರಬೇಕು.

ಊಟಕ್ಕೆ ಕುಳಿತಾಗ ಅಜ್ಜಿ, "ಈ ಗಾಡಿಯ ಸದ್ದು ನನಗೆ ಗೊತ್ತು" ಎಂದರು. "ಹಿಂದೆ ನಮ್ಮ ಮಗನ ಹತ್ತಿರ ಇಂಥದ್ದೇ ಇತ್ತು. ಆಚೆ ಗುಡ್ಡದ ತಿರುವಿಗೆ ಬಂದಾಗಲೇ ಕೇಳುತ್ತಿತ್ತು. ಆಗ ನೀರಿಗೆ ಬೆಂಕಿ ಹಾಕಿದರೆ ಅವನು ಕಾಲು ತೊಳೆಯುವಷ್ಟರಲ್ಲಿ ಕಾಫಿ ಸಿದ್ಧ. ಇವತ್ತೂ ಸದ್ದು ಕೇಳಿ ನೀರು ಇಟ್ಟೇ ಹೊರಗೆ ಬಂದೆ. ಅವನು ಈಗ ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡಿದ್ದಾನೆ. ಕಾರಿಗೆ ಸದ್ದೇ ಇಲ್ಲ. ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ."

ಆ ಸದ್ದಿಗೆ ಒಬ್ಬರು ನೀರಿಗೆ ಬೆಂಕಿ ಹಾಕುತ್ತಿದ್ದರು. ನಾನು ರೇಡಿಯೋ ಏರಿಸುತ್ತಿದ್ದೆ. ಅನ್ನ ಗಂಟಲಲ್ಲಿ ನಿಂತಿತು.

ಮೂರನೆಯ ದಿನ ಕುದುರೆಮುಖದ ದಾರಿ. ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡು ಇದು. ಇಲ್ಲಿನ ಗುಡ್ಡವನ್ನು ಅಗೆದು, ಅದಿರನ್ನು ಕೆಸರಿನಂತೆ ಮಾಡಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯ ೨೦೦೨ರಲ್ಲಿ ಕೊಟ್ಟ ತೀರ್ಪಿನಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ಸಾವಿರಾರು ಜನರಿದ್ದ ಊರು ಬಹುಮಟ್ಟಿಗೆ ಬರಿದಾಯಿತು. ಬಾಗಿಲು ಹಾಕಿದ ಮನೆಗಳ ಸಾಲಿನ ನಡುವೆ ಹುಲ್ಲು ಮೆಲ್ಲಗೆ ತನ್ನ ಹಕ್ಕನ್ನು ಕೇಳುತ್ತಿದೆ. ಕಾಡಿನ ಗೇಟಿನಲ್ಲಿ ಗಂಟೆ ಬರೆದ ಚೀಟಿ ಕೊಟ್ಟರು. ನಡುವೆ ನಿಲ್ಲದೆ ಹೋಗಿ ಆಚೆಯ ಗೇಟಿನಲ್ಲಿ ಅದನ್ನು ಒಪ್ಪಿಸಬೇಕು. ಕಾವಲಿನವನು ನನ್ನನ್ನೂ ಗಾಡಿಯನ್ನೂ ನೋಡಿ, "ಒಬ್ಬರೇನಾ? ದಾರಿಯಲ್ಲಿ ನಿಂತುಹೋಗುವುದಿಲ್ಲ ತಾನೇ?" ಎಂದ. ಎರಡನೆಯ ಪ್ರಶ್ನೆ ಗಾಡಿಯನ್ನು ಕುರಿತದ್ದೋ ನನ್ನನ್ನು ಕುರಿತದ್ದೋ ತಿಳಿಯಲಿಲ್ಲ.

ಈ ಕಾಡಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಒಂದೇ ಬೆಟ್ಟದ ಮಡಿಲು. ನೇತ್ರಾವತಿ ಪಡುವಣಕ್ಕೆ ಇಳಿದು ಅರಬ್ಬೀ ಸಮುದ್ರವನ್ನು ಸೇರಿಬಿಡುತ್ತಾಳೆ. ತುಂಗೆ ಭದ್ರೆಯರು ಮಾತ್ರ ಬೇರೆ ಬೇರೆ ಕಣಿವೆಗಳನ್ನು ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಬಹುದೂರ ಹರಿದು, ಶಿವಮೊಗ್ಗೆಯ ಆಚೆ ಕೂಡಲಿಯಲ್ಲಿ ಮತ್ತೆ ಒಂದಾಗುತ್ತಾರೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾಗಲು ಐವತ್ತು ವರ್ಷ ಬೇಕಾಯಿತು.

ಎಸ್.ಕೆ. ಬಾರ್ಡರಿನಲ್ಲಿ ಬಲಕ್ಕೆ ತಿರುಗಿ, ಕೆರೆಕಟ್ಟೆಯ ಕಾಡನ್ನು ದಾಟಿ, ಚೀಟಿಯನ್ನು ಒಪ್ಪಿಸಿ, ಶೃಂಗೇರಿಯ ಕಡೆಗೆ ಬರುತ್ತಿದ್ದೆ. ಬಿಸಿಲು ಏರಿತ್ತು. ಬಾಟಲಿಯಲ್ಲಿ ನೀರು ಮುಗಿದಿತ್ತು. ನೇರವಾದ ಸಮದಾರಿಯ ಪಕ್ಕದಲ್ಲಿ ಹೆಂಚಿನ ಮನೆಯೊಂದು ಕಂಡಿತು. ಅಡ್ಡಗೋಲುಗಳ ಉಣುಗೋಲು ಹಾಕಿತ್ತು. ನೀರು ಕೇಳೋಣವೆಂದು ಗೇರು ಇಳಿಸಿದೆ. ಗಾಡಿ ಏರುದನಿಯಲ್ಲಿ ಒದರಿತು. ಆದರೆ ಅಂಗಳದಲ್ಲಿ ಯಾರೂ ಇರಲಿಲ್ಲ. ಕರೆದರೆ ಏನೆಂದುಕೊಳ್ಳುವರೋ, ಹೊತ್ತಲ್ಲದ ಹೊತ್ತಿನಲ್ಲಿ ಗುರುತಿಲ್ಲದವನು ಎಂದು ಸಂಕೋಚವಾಯಿತು. ಮತ್ತೆ ಗೇರು ಏರಿಸಿ ಮುಂದಕ್ಕೆ ನಡೆದೆ.

ಐವತ್ತು ಮಾರು ಹೋಗಿರಬೇಕು. ನನ್ನ ಕೈ ತಾನಾಗಿಯೇ ಬ್ರೇಕು ಹಿಡಿಯಿತು.

ಎರಡು ಕ್ಷಣ ಏರುದನಿ, ಮತ್ತೆ ಹಳೆಯ ದನಿ. ಆ ಸದ್ದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಶನಿವಾರಗಳಲ್ಲಿ ನಾನು ಅದನ್ನು ಒಳಗಿನಿಂದ ಕೇಳಿದ್ದೆ. ಹೊರಗಿನಿಂದ, ಸೀಟಿನ ಮೇಲಿನಿಂದ ಕೇಳಿದ್ದು ಇದೇ ಮೊದಲು. ನಮ್ಮ ಗೇಟಿನ ಮುಂದೆ ಏರಿಲ್ಲ, ಇಳಿಜಾರಿಲ್ಲ, ಉಬ್ಬಿಲ್ಲ, ತಿರುವು ಇನ್ನೂ ದೂರ. ಅಂಥ ಸಮದಾರಿಯಲ್ಲಿ ಗಾಡಿ ಬಲ್ಲವನು ಗೇರು ಇಳಿಸುವುದು ಒಂದೇ ಕಾರಣಕ್ಕೆ: ನಿಲ್ಲಿಸಲು. ಅಣ್ಣ ಅಣಕಿಸುತ್ತಿರಲಿಲ್ಲ. ಪ್ರತಿ ಶನಿವಾರವೂ ನಿಲ್ಲಿಸಲೆಂದೇ ಗೇರು ಇಳಿಸುತ್ತಿದ್ದ. ಮುಚ್ಚಿದ ಗೇಟನ್ನು ನೋಡಿ, ಸಂಕೋಚಪಟ್ಟು, ಮತ್ತೆ ಏರಿಸಿಕೊಂಡು ಹೋಗುತ್ತಿದ್ದ.

ಗಾಡಿಯನ್ನು ದಾರಿಯ ಪಕ್ಕದಲ್ಲಿ ನಿಲ್ಲಿಸಿ ಮೈಲಿಗಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಅರವತ್ತೆರಡು ವರ್ಷದವನು ರಸ್ತೆಯಲ್ಲಿ ಕುಳಿತು ಅಳುವುದು ಚೆಂದವಲ್ಲ. ಆದರೆ ಒಬ್ಬನೇ ಹೋಗುವುದರಲ್ಲಿ ಒಂದು ಅನುಕೂಲವುಂಟು. ಯಾರೂ ಸಮಾಧಾನ ಮಾಡಲು ಬರುವುದಿಲ್ಲ.

ಆ ರಾತ್ರಿ ಆಗುಂಬೆಯಲ್ಲಿ ಕಳೆದೆ. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಕಾಳಿಂಗ ಸರ್ಪಗಳ ನೆಲೆಯೆಂದು ಹೆಸರಾದದ್ದು. ೨೦೦೫ರಲ್ಲಿ ರೊಮುಲಸ್ ವಿಟೇಕರ್ ಅವರು ಇಲ್ಲಿ ಮಳೆಕಾಡಿನ ಅಧ್ಯಯನಕೇಂದ್ರವನ್ನು ಸ್ಥಾಪಿಸಿದರು. ಮನೆಯೊಂದರ ಹಿತ್ತಿಲಿನಲ್ಲಿ ಡೇರೆ ಹಾಕಿದೆ. ಹಾವಿನ ಭಯ ಆ ರಾತ್ರಿ ಏಕೋ ಬರಲಿಲ್ಲ. ನನ್ನಾಕೆಗೆ ಫೋನು ಸಿಕ್ಕಿತು. ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಶನಿವಾರ ಬೆಳಿಗ್ಗೆ ನಾನು ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸುತ್ತಿದ್ದೆ. ಉಳಿದದ್ದನ್ನು ನಾನೇ ಕುಡಿಯುತ್ತಿದ್ದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದಳು.

ಅಣ್ಣನ ಪುಸ್ತಕದಲ್ಲಿ ದಾರಿ ಆಗುಂಬೆಗೆ ಮುಗಿದಿತ್ತು. ನಾಲ್ಕನೆಯ ದಿನ ನಾನು ಅದಕ್ಕೆ ಒಂದು ಊರನ್ನು ಸೇರಿಸಿದೆ. ತೀರ್ಥಹಳ್ಳಿ, ಶಿವಮೊಗ್ಗಗಳ ಮೇಲೆ ಕೂಡಲಿಗೆ ಹೋಗಿ, ಸಂಗಮೇಶ್ವರನ ಗುಡಿಯ ಹತ್ತಿರ ನೀರಿಗಿಳಿದು ನಿಂತೆ. ಎರಡು ಹೊಳೆಗಳು ಕೂಡುವಲ್ಲಿ ಭೋರ್ಗರೆತವೇನೂ ಇರಲಿಲ್ಲ. ಎಲ್ಲಿಯವರೆಗೆ ತುಂಗೆ, ಎಲ್ಲಿಂದ ಭದ್ರೆ ಎಂದು ಹೇಳಲಾರದಂತೆ ಸುಮ್ಮನೆ ಸೇರಿಕೊಂಡಿದ್ದವು. ಇಷ್ಟು ಸುಲಭವೇ ಎನ್ನಿಸಿತು. ರಾತ್ರಿ ಶಿವಮೊಗ್ಗೆಯ ಲಾಡ್ಜಿನಲ್ಲಿ ತಂಗಿದೆ. ರಿಜಿಸ್ಟರು ಬರೆಯುವ ಹುಡುಗ, "ಒಬ್ಬರೇನಾ ಸಾರ್?" ಎಂದ. ಪೆನ್ನು ಹಿಡಿದ ನನ್ನ ಕೈ ಸ್ವಲ್ಪ ತಡೆಯಿತು.

ಐದನೆಯ ದಿನ ಸಂಜೆ ಮೈಸೂರನ್ನು ಸೇರಿದವನು ನೇರವಾಗಿ ಮನೆಗೆ ಹೋಗಲಿಲ್ಲ. ಅತ್ತಿಗೆಯ ಬೀದಿಗೆ ತಿರುಗಿದೆ. ವೈಕುಂಠ ಸಮಾರಾಧನೆಯ ದಿನ ನೆಂಟರ ನಡುವೆ ಎಲೆಗೆ ಕುಳಿತು ಎದ್ದು ಬಂದದ್ದನ್ನು ಬಿಟ್ಟರೆ ಆ ಮನೆಯ ಹೊಸಿಲನ್ನು ನಾನು ತುಳಿದವನಲ್ಲ. ಗೇಟು ಮುಚ್ಚಿತ್ತು. ಗೇರು ಇಳಿಸಿದೆ. ಏರುದನಿ ಕೇಳಿತು. ಈ ಸಲ ಮತ್ತೆ ಏರಿಸಲಿಲ್ಲ.

ನಾನು ಇಳಿಯುವ ಮೊದಲೇ ಅತ್ತಿಗೆ ಬಾಗಿಲಿಗೆ ಬಂದಿದ್ದರು. ಬಾಗಿಲವಾಡವನ್ನು ಹಿಡಿದುಕೊಂಡು ಗಾಡಿಯನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಒಬ್ಬರೇನಾ?" ಎಂದರು.

"ಒಬ್ಬನೇ ಅತ್ತಿಗೆ."

ಒಳಗೆ ಕುಳಿತು, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಶನಿವಾರಗಳ ವಿಷಯವನ್ನು ಕೇಳಿದೆ. ಅತ್ತಿಗೆ ಸೆರಗಿನಿಂದ ಮೇಜನ್ನು ಒರೆಸುತ್ತ, "ಗುಡಿಯಿಂದ ಬಂದ ಕೂಡಲೇ ನಾನು ಕೇಳುತ್ತಿದ್ದೆ, ಇವತ್ತಾದರೂ ನಿಂತಿರಾ ಎಂದು. ಗೇಟು ಹಾಕಿತ್ತು ಎನ್ನುತ್ತಿದ್ದರು" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಗೇಟನ್ನು ನಾನು ಹಾಕುವುದಿಲ್ಲ. ಅತ್ತಿಗೆ ಕೆಲವು ವಾರ ಬರುತ್ತಾರೆ. ಬರದಿದ್ದ ವಾರ ನಾವಿಬ್ಬರೂ ಗಾಡಿಯಲ್ಲಿ ಹೋಗುತ್ತೇವೆ. ತೆರೆದ ಗೇಟಿನಿಂದ ಬೀದಿಯ ಹಸು ಒಳಗೆ ನುಗ್ಗಿ ಎರಡು ಸಲ ಕನಕಾಂಬರದ ಪಾತಿಯನ್ನು ಮೇದುಹೋಯಿತು. ಗಿಡಗಳೆಂದರೆ ಪ್ರಾಣ ಬಿಡುವ ನನ್ನಾಕೆ ಈ ವಿಷಯದಲ್ಲಿ ಇದುವರೆಗೆ ಒಂದು ಮಾತೂ ಆಡಿಲ್ಲ.